ಬಾವಿಯಲ್ಲಿ ಬಿಟ್ಟ ನಾಯಕಿ

ಕತೆಯ ನಾಯಕಿ ಕಾಲು ಜಾರಿ ಬಾವಿಗೆ ಬಿದ್ದಳು, ಅಷ್ಟರಲ್ಲಿ ಫೋನಿನ ಚಾರ್ಜ್ ಮುಗಿಯಿತು. ಹೊಂಗನೂರಿನ ಚಿಕ್ಕಮ್ಮನ ಮನೆಯಲ್ಲಿ ಹಣ್ಣಾದ ರೇಷ್ಮೆಹುಳು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಲು ನೆರೆಹೊರೆಯವರೊಂದಿಗೆ ನಾನೂ ಕೂತಿದ್ದೆ. ಎಲ್ಲರೂ ಕೇಳುತ್ತಿದ್ದ ಆ ಆಡಿಯೊ ಕಾದಂಬರಿಯನ್ನು ಓದಿ ದನಿ ಕೊಟ್ಟವಳು ನಾನೇ ಎಂದು ಚಿಕ್ಕಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ತಡೆಯಲಾಗದೆ, ಹುಳು ಆಯುತ್ತಲೇ ಮುಂದಿನ ಸಾಲನ್ನು ಅದೇ ದನಿಯಲ್ಲಿ ಹೇಳಿಬಿಟ್ಟೆ.

"ಅಯ್ಯಯ್ಯೋ, ಫೋನ್ ಆಫಾಗೋಗೈತೆ, ಮಾತು ಬತ್ತಾನೇ ಐತಲ್ಲವ್ವಾ!" ಪಕ್ಕದ ಮನೆಯ ಅಜ್ಜಿ ಬೆಚ್ಚಿಬಿದ್ದರು. ನಾನೂ ಚಿಕ್ಕಮ್ಮನೂ ಬಿದ್ದು ಬಿದ್ದು ನಕ್ಕೆವು. ಗುಟ್ಟು ತಿಳಿದ ಮೇಲೆ ಅಜ್ಜಿ ಗದರಿದರು: "ಆ ಹೆಣ್ಣನ್ನ ಬಾವೀಲಿ ಬುಟ್ಬುಟ್ಟು ನಗ್ತಾ ಕುಂತಿದ್ದೀಯಲ್ಲ, ಮೊದ್ಲು ಮ್ಯಾಕೆತ್ತವ್ವ!"

ಸ್ಟುಡಿಯೋದಲ್ಲಿ ಓದುವಾಗ ನನ್ನೆದುರು ಮೈಕ್ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಈಗ ನನ್ನ ಮಟ್ಟಿಗೆ ಮೈಕಿನಾಚೆ ಅಜ್ಜಿ ಕೂತಿರುತ್ತಾರೆ, ಅಂಗೈಯಲ್ಲೊಂದು ಹುಳು ಹಿಡಿದು, ಬಾಯಿ ತೆರೆದುಕೊಂಡು.