ಬೆರಳಿಟ್ಟು ಓದಿದ ಸಾಲು

"ಅಜ್ಜೀ, ಇದರಲ್ಲಿ ಅಂಕಿಯೇ ಇಲ್ಲ! ಇದನ್ನು ಎಂತಕ್ಕೆ ಪಾಸ್ ಮಾಡಿದ್ರಿ?"

ಮೊಮ್ಮಗಳು ಸವಿತಾ ಕೂಗಿದಾಗ ನನ್ನ ಬೆರಳು ಕಾಗದದ ಮೇಲೆಯೇ ನಿಂತಿತು. ಪುತ್ತೂರಿನ ಕಾಲೇಜಿಗೆ ಹೊಸದಾಗಿ ಬಂದ ಕಂಪ್ಯೂಟರಿಗೆ ಅವಳು ಬರೆದ ಒಂದು ಸಾಲು, ಪಟ್ಟಿಯಿಂದ ಸರಿಯಾದ ಲಾರಿ ನಂಬರುಗಳನ್ನು ಮಾತ್ರ ಹೆಕ್ಕಬೇಕಿತ್ತು. ಅದು ಅಂಕಿಯಿಲ್ಲದವನ್ನೂ ಹೆಕ್ಕುತ್ತಿತ್ತು. ಮರುದಿನವೇ ಪರೀಕ್ಷೆ. ಬೆಳಗ್ಗಿನಿಂದ ಜಗಲಿಯಲ್ಲಿ ಅತ್ತಿಂದಿತ್ತ ನಡೆದು ಸೋತವಳು, ಆ ಸಾಲನ್ನೂ ಪಟ್ಟಿಯನ್ನೂ ಕಾಗದದಲ್ಲಿ ಬರೆದುಕೊಟ್ಟು, ಒಂದೊಂದು ಗುರುತಿನ ಅರ್ಥವನ್ನೂ ನನಗೆ ಹೇಳಿ, "ನೀವೇ ಕಂಪ್ಯೂಟರ್ ಆಗಿ, ನಾನು ಹೇಳಿದಷ್ಟೇ ಮಾಡಿ" ಎಂದಿದ್ದಳು. ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುವವಳು. ದಿನದ ಪೇಪರ್ ಓದುವಾಗ ಯಾರಾದರೂ ನೋಡಿದರೆ ನಾಚಿಕೆಯಿಂದ ಮಡಚಿಡುತ್ತಿದ್ದೆ.

"ನಕ್ಷತ್ರದ ಗುರುತು ಇದ್ದಲ್ಲಿ ಅಂಕಿ ಎಷ್ಟಿದ್ರೂ ಆಗ್ತದೆ, ಇಲ್ಲದಿದ್ರೂ ಆಗ್ತದೆ ಅಂತ ಹೇಳಿದ್ದು ನೀನೇ ಅಲ್ವಾ ಮಾರಾಯ್ತಿ?" ಎಂದೆ.

ಅವಳು ಗಕ್ಕನೆ ನಿಂತಳು. ಒಂದು ಅಂಕಿಯಾದರೂ ಇರಲೇಬೇಕೆಂಬ ಗುರುತನ್ನು ಸಾಲಿಗೆ ಸೇರಿಸಿದಳು. "ನಾನು ಹಾರಿಸಿ ಓದಿದೆ, ನೀವು ಹಾರಿಸ್ಲಿಲ್ಲ ಅಜ್ಜಿ!" ಎಂದು ನನ್ನನ್ನು ಅಪ್ಪಿಕೊಂಡಳು.

ಮರುದಿನ ಪರೀಕ್ಷೆ ಮುಗಿಸಿದ ಅವಳ ಬಸ್ಸು ಬರುವವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಇಳಿಯುವಾಗಲೇ ಅವಳು ನಗುತ್ತಿದ್ದಳು. ಈಗ ಪೇಪರನ್ನು ಜಗಲಿಯಲ್ಲೇ ಓದುತ್ತೇನೆ, ನಾಲ್ಕು ಜನ ನೋಡುವ ಹಾಗೆ, ಬೆರಳಿಟ್ಟು.