ಚಿರೋಟಿಯನ್ನು ಹಿಡಿದ ಕೈ

ಡೊಂಬಿವಲಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಲೋಕಲ್ ರೈಲು ಹಿಡಿಯಲು ಓಡುವ ಜನರ ಎದುರಿನಿಂದ ನಡೆದು ಬಂದ ರತ್ನಾವತಿ ಬೆಕ್ಕುಗಳ ಕ್ಲಿನಿಕ್ಕಿನ ಶಟರ್ ಎತ್ತುತ್ತಾರೆ. ಒಳಗೆ ರೋಗಿಗಳು ಮಲಗಿರುವುದರಿಂದ ಸದ್ದು ಮಾಡುವುದಿಲ್ಲ. ಬಿಸಿನೀರಿನಲ್ಲಿ ನೆಲ ಒರೆಸುತ್ತಾರೆ. ಫಿನಾಯಿಲ್ ಈ ಹೊಸ್ತಿಲು ದಾಟಬಾರದೆಂಬುದು ಡಾಕ್ಟರ್ ಶರ್ಮಿಳಾ ಅವರ ಕಟ್ಟಪ್ಪಣೆ. ಆಮೇಲೆ ಒಣಗಿದ ಬೈರಾಸುಗಳನ್ನು ಮಡಚಿಡುತ್ತಾರೆ. ಸ್ನಾನದ ಟವೆಲ್ಲಿಗೆ ಅವರ ಉಡುಪಿ ಕಡೆಯ ಹೆಸರು ಅದು. ಈಗ ಇಲ್ಲಿಯ ಮರಾಠಿ ಗಿರಾಕಿಗಳೂ "ತಾಈ, ಬೈರಾಸ್ ದ್ಯಾ", ಅಕ್ಕಾ ಬೈರಾಸು ಕೊಡಿ, ಎನ್ನುತ್ತಾರೆ.

ಸಂಬಳದ ಚೀಟಿಯಲ್ಲಿ ರತ್ನಾವತಿ ‘ಹೆಲ್ಪರ್’. ಅವರ ನಿಜವಾದ ಕೆಲಸ, ಡಾಕ್ಟರು ಪರೀಕ್ಷಿಸುವಷ್ಟು ಹೊತ್ತು ಬೆಕ್ಕನ್ನು ಹಿಡಿದುಕೊಳ್ಳುವುದು. ಇದೇನು ಮಹಾ ಎನ್ನುವವರು ಒಮ್ಮೆ ಅವರ ಮುಂಗೈ ನೋಡಬೇಕು. ಮಾಸಿದ ಗೀರಿನ ಮೇಲೆ ಹೊಸ ಗೀರು, ಅದರ ಪಕ್ಕದಲ್ಲಿ ಹಲ್ಲಿನ ಗುರುತು.

"ಕುತ್ತಿಗೆ ಹಿಡಿದು ಅದುಮಲಿಕ್ಕೆ ಯಾರಿಗೂ ಬರ್ತದೆ ಮಾರಾಯ್ರೆ. ಅದಕ್ಕೆ ಹೆದರಿಕೆ ಹೋಗುವ ಹಾಗೆ ಹಿಡಿಬೇಕು. ಬೈರಾಸಲ್ಲಿ ಸುತ್ತಿ, ತಲೆ ನನ್ನ ಕಂಕುಳಲ್ಲಿ ಇಟ್ಟುಕೊಂಡು, ನಾನು ಮೆಲ್ಲ ಉಸಿರು ಬಿಡ್ತೇನೆ. ಸ್ವಲ್ಪ ಹೊತ್ತಲ್ಲಿ ಅದೂ ಹಾಗೇ ಬಿಡ್ತದೆ."

ಈ ಹದ ಅವರಿಗೆ ದಕ್ಕಿದ್ದು ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದಲ್ಲಿ. ಮದುವೆಯಾಗಿ ವಿಠ್ಠಲವಾಡಿಗೆ ಬಂದ ಹೊಸತರಲ್ಲಿ ಆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಇಂಜೆಕ್ಷನ್ ಔಷಧದ ಪುಟ್ಟ ಗಾಜಿನ ಸೀಸೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. "ಬಿಗಿ ಹಿಡಿದ್ರೆ ಒಡೀತದೆ, ಸಡಿಲ ಬಿಟ್ರೆ ಬೀಳ್ತದೆ. ಬೆಕ್ಕೂ ಅಷ್ಟೇ." ಕಾರ್ಖಾನೆಗೆ ಬೀಗ ಬಿತ್ತು. ಹೋಟೆಲಿನಲ್ಲಿ ದೋಸೆ ಹುಯ್ಯುವ ಗಂಡ ಪ್ರೇಮನಾಥರ ದುಡಿಮೆಯೊಂದರಲ್ಲೇ ಮನೆ ನಡೆಯುವಂತಿರಲಿಲ್ಲ. ನೆಲ ಒರೆಸಲೆಂದು ಈ ಕ್ಲಿನಿಕ್ಕಿಗೆ ಸೇರಿದರು. ಒಂದು ದಿನ ಮೇಜಿನಿಂದ ಹಾರಿದ ಬೆಕ್ಕನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರು ನೋಡಿ, ಡಾಕ್ಟರು ಅವರನ್ನು ಮೇಜಿನ ಪಕ್ಕಕ್ಕೆ ಕರೆದುಕೊಂಡರು. "ಬೆಕ್ಕು ಹಿಡಿಯಲಿಕ್ಕೆ ಮುಂಬಯಿಗೆ ಹೋಗಬೇಕಿತ್ತಾ?" ಎಂದು ಊರಿನ ನೆಂಟರು ನಕ್ಕದ್ದುಂಟು. ನಕ್ಕವರು ನಗಲಿ, ಕೈಯಲ್ಲಿ ವಿದ್ಯೆ ಇದ್ದವರಿಗೆ ಅದರ ಗೊಡವೆ ಯಾಕೆ?

ಇಲ್ಲಿಗೆ ಬರುವವುಗಳಲ್ಲಿ ಮೈಯ ಕೂದಲು ಹೋದ ಬೆಕ್ಕುಗಳು ಬಹಳ. ಚಿಗಟ, ಹುಳುಕಡ್ಡಿ, ಒಗ್ಗದ ಆಹಾರ, ಮನೆ ಬದಲಾದ ಕಳವಳ, ಒಳಗಿನ ಯಾವುದೋ ನೋವು, ಕಾರಣ ಏನೇ ಇದ್ದರೂ ಹೊರಗೆ ಕಾಣುವುದು ಬೋಳು ಚರ್ಮ. ಯಾವುದೆಂದು ತಿಳಿಯಲು ನಾಲ್ಕು ಕೂದಲು ಕೀಳಬೇಕು, ಚರ್ಮ ಕೆರೆದು ನೋಡಬೇಕು. ಬೆಕ್ಕು ಸುಮ್ಮನಿದ್ದರೆ ತಾನೇ?

ಕಳೆದ ಮಳೆಗಾಲದಲ್ಲಿ ಬಂದ ಚಿರೋಟಿ ಸುಮ್ಮನಿರುವ ಜಾತಿಯದಾಗಿರಲಿಲ್ಲ. ಮೈಸೂರು ಮೂಲದ ನಂಜುಂಡ, ರುಕ್ಮಿಣಿ ದಂಪತಿಯ ಮನೆಯ ಬೆಕ್ಕು ಅದು, ಮಗಳು ಶ್ರೀವಿದ್ಯಾ ಮದುವೆಗೆ ಮುಂಚೆ ಎತ್ತಿ ತಂದು ಸಾಕಿದ್ದು. ಅದರ ಹೊಟ್ಟೆ, ತೊಡೆಯ ಕೂದಲೆಲ್ಲ ಹೋಗಿತ್ತು. ಅದೇ ವಾರ ಶ್ರೀವಿದ್ಯಾ ಹಸುಗೂಸಿನೊಂದಿಗೆ ಬಾಣಂತನಕ್ಕೆ ಬರುವವಳಿದ್ದಳು. ಹುಳುಕಡ್ಡಿಯಾಗಿದ್ದರೆ ಮಗುವಿಗೂ ಅಂಟುತ್ತದೆ. ಬೇರೊಂದು ಕಡೆ ತೋರಿಸಲು ಹೋದಾಗ ಚಿರೋಟಿ ಯಾರಿಗೂ ಮೈ ಮುಟ್ಟಗೊಡಲಿಲ್ಲ.

"ಇವತ್ತೂ ಗೊತ್ತಾಗ್ಲಿಲ್ಲ ಅಂದ್ರೆ ಇಲ್ಲಿಂದ್ಲೇ ಕಲ್ಯಾಣದ ಅನಾಥ ಪ್ರಾಣಿಗಳ ಶೆಲ್ಟರಿಗೆ ಬಿಟ್‌ಬಿಡ್ತೀವಿ ಕಣಮ್ಮ. ಮಾತಾಡಿ ಆಗಿದೆ," ಎಂದರು ನಂಜುಂಡ. ರುಕ್ಮಿಣಿ ಬೆಕ್ಕಿದ್ದ ಬುಟ್ಟಿಯ ಹಿಡಿಯನ್ನು ಕೈಬಿಟ್ಟಿರಲಿಲ್ಲ.

ರತ್ನಾವತಿ ಬೈರಾಸು ಹಾಸಿದರು. ಚಿರೋಟಿ ಮೊದಲು ಮುಂಗೈಗೆ ಬಾಯಿ ಹಾಕಿತು. ಅವರು ಕೈ ಎಳೆದುಕೊಳ್ಳಲಿಲ್ಲ. ಕಚ್ಚಿದ ಬೆಕ್ಕಿನಿಂದ ಕೈ ಕಿತ್ತುಕೊಂಡರೆ ಅದರ ಭಯ ಇಮ್ಮಡಿಯಾಗುತ್ತದೆ. ಅವರ ಉಸಿರು ನಿಧಾನವಾಯಿತು, ಬೆಕ್ಕಿನ ಮೈಯೂ ಸಡಿಲಾಯಿತು. ಡಾಕ್ಟರು ಕೂದಲು ಕಿತ್ತು ಮೈಕ್ರೋಸ್ಕೋಪಿನಲ್ಲಿ ಇಟ್ಟರು. ಬುಡ ಗಟ್ಟಿಯಿತ್ತು, ತುದಿ ತುಂಡಾಗಿತ್ತು. ಅಂದರೆ ಕೂದಲು ಉದುರಿದ್ದಲ್ಲ, ಚಿರೋಟಿಯೇ ನೆಕ್ಕಿ ನೆಕ್ಕಿ ತುಂಡು ಮಾಡಿದ್ದು.

"ನಾನು ಚಿಗಟ ಅಂತ ಗ್ಯಾರಂಟಿ ಹೇಳಿದ್ದೆ. ಒಂದು ಚಿಗಟ ಇಲ್ಲ! ನನ್ನ ಲೆಕ್ಕ ಪೂರಾ ತಪ್ಪು," ಎಂದು ರತ್ನಾವತಿ ಈಗ ನಗುತ್ತಾರೆ. ಆದರೆ ಅಂದು ಹೊಟ್ಟೆ ಮೇಲಾಗಿ ಹಿಡಿದಿದ್ದ ಬೆಕ್ಕಿನ ಹತ್ತಿರವೇ ಅವರ ಮೂಗಿತ್ತು. ಈ ಕ್ಲಿನಿಕ್ಕಿನಲ್ಲಿ ಎಂದೂ ಇಲ್ಲದ ವಾಸನೆ ಬಂತು. "ಡಾಕ್ಟ್ರೇ, ಇದು ಫಿನಾಯಿಲ್ ಅಲ್ವಾ?"

ಶರ್ಮಿಳಾ ಇಲ್ಲೇ ಹುಟ್ಟಿ ಬೆಳೆದವರು. ಕನ್ನಡ ತಿಳಿಯುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. "ಆಂಟೀ, ಘರ್ ಮೇ ಪೋಛಾ ಕಿಸ್‌ಸೆ ಲಗಾತೇ ಹೋ?"

ಮನೆ ಒರೆಸುವುದು ಯಾವುದರಿಂದ ಎಂದು ಕೇಳಿದ್ದಕ್ಕೆ ರುಕ್ಮಿಣಿ ಮೆಲ್ಲಗೆ ಹೇಳಿದರು. ಬಾಣಂತಿ ಕೋಣೆ ಶುದ್ಧವಾಗಿರಲೆಂದು ತಿಂಗಳಿಂದ ಹೊತ್ತು ಹೊತ್ತಿಗೂ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಬೆಕ್ಕಿನ ಕೂದಲು ಹೋಗತೊಡಗಿದ ಮೇಲೆ ಇನ್ನೂ ಹೆಚ್ಚು. ಒದ್ದೆ ನೆಲದಲ್ಲಿ ಹೊಟ್ಟೆಯೂರಿ ಮಲಗುವ ಚಿರೋಟಿಗೆ ಚರ್ಮ ಉರಿಯುತ್ತಿತ್ತು, ಅದು ನೆಕ್ಕುತ್ತಿತ್ತು. ಅವರು ಮತ್ತೆ ಒರೆಸುತ್ತಿದ್ದರು.

"ಅಯ್ಯೋ, ನಾನೇ ಮಾಡಿದ್ನಾ?" ಎಂದು ಅವರ ಕಣ್ಣು ತುಂಬಿತು.

"ಮೊಮ್ಮಗುವಿಗೋಸ್ಕರ ಮಾಡಿದ್ದಲ್ವಾ ಅಕ್ಕಾ. ಇನ್ನು ಬಿಸಿನೀರು ಸಾಕು," ಎಂದರು ರತ್ನಾವತಿ, ಬೆಕ್ಕನ್ನು ಬಿಡದೆ. ಹುಳುಕಡ್ಡಿಯ ಪರೀಕ್ಷೆಯ ಫಲಿತಾಂಶ ಬರುವವರೆಗೆ ಚಿರೋಟಿ ಕ್ಲಿನಿಕ್ಕಿನಲ್ಲೇ ಉಳಿಯಿತು. ಅದೂ ಇಲ್ಲವೆಂದಾದ ಮೇಲೆ ಬುಟ್ಟಿ ಕಲ್ಯಾಣಕ್ಕೆ ಹೋಗದೆ ಸೀದಾ ಮನೆಗೆ ಹೋಯಿತು.

ಇವತ್ತು ಬಾಗಿಲು ತೆರೆಯುತ್ತಲೇ ಮೊದಲು ಬಂದವರು ಅವರೇ, ಚಿರೋಟಿಗೆ ವರ್ಷದ ಲಸಿಕೆ ಹಾಕಿಸಲು. ಶ್ರೀವಿದ್ಯಾಳ ಸೊಂಟದ ಮೇಲೆ ಮಗು, ರುಕ್ಮಿಣಿಯವರ ಕೈಯಲ್ಲಿ ಅದೇ ಬುಟ್ಟಿ. ಚಿರೋಟಿಯ ಹೊಟ್ಟೆ ತುಂಬ ಬೆಣ್ಣೆಬಣ್ಣದ ಕೂದಲು. ಇಷ್ಟು ದಟ್ಟವಾಗಿ ಬೆಳೆದದ್ದನ್ನು ನೋಡಿ ರತ್ನಾವತಿಯವರ ಮುಖ ಅರಳುತ್ತದೆ. ಏನಾದರೂ ಆಸೆ ಉಂಟೇ ಎಂದರೆ, "ಕೈ ನಡುಗದೆ ಇನ್ನೊಂದಷ್ಟು ವರ್ಷ ಹಿಡೀಲಿಕ್ಕಾದ್ರೆ ಸಾಕು," ಎನ್ನುತ್ತಾರೆ.

ಅವರನ್ನು ಕಂಡದ್ದೇ ತಡ, ಚಿರೋಟಿ ಕಿವಿ ಹಿಂದಕ್ಕೆ ಮಡಚಿ ಬುಸ್ಸೆನ್ನುತ್ತದೆ. ರುಕ್ಮಿಣಿಗೆ ನಾಚಿಕೆ. "ಛೆ, ಎಂಥ ಕೃತಘ್ನ ಬೆಕ್ಕು ಇದು! ನಿಮ್ಮನ್ನೇ ಬೈತಿದೆಯಲ್ಲ ರತ್ನಮ್ಮ."

ರತ್ನಾವತಿ ಬೈರಾಸು ಕೊಡವಿ ಮೇಜಿನ ಮೇಲೆ ಹಾಸುತ್ತಾರೆ.

"ಬೈಲಿ ಬಿಡಿ ಅಕ್ಕಾ. ವಾಪಸ್ ಹೋಗ್ಲಿಕ್ಕೆ ಮನೆ ಉಂಟಲ್ಲ ಅದಕ್ಕೆ, ಆ ಧೈರ್ಯದಲ್ಲಿ ಬೈತದೆ."