ಬರಿದು ತೊಟ್ಟಿಲು

ಹೊರಗಿನ ಜನರನ್ನು ಕರೆತಂದು ನಮ್ಮ ಕಲಘಟಗಿ ಸೀಮೆಯಲ್ಲಿ ಏನೇನು ತೋರಿಸಬಹುದು ಎಂದು ಬರೆದುಕೊಳ್ಳಲು ಸರಕಾರಿ ಆಫೀಸಿನವರು ಜೀಪಿನಲ್ಲಿ ಬಂದರು. ಪಂಚಾಯ್ತಿಗೆ ಟಿ.ವಿ. ಬಂದ ವರ್ಷ ಅದು. ಕಾಡು ಬರೆದುಕೊಂಡರು, ಕಲ್ಲಿನ ಗುಡಿ ಬರೆದುಕೊಂಡರು. ಆಮೇಲೆ ನಮ್ಮ ಪಡಸಾಲೆಗೆ ಬಂದು ತೊಟ್ಟಿಲು ಬರೆದುಕೊಂಡರು.

ಬಣ್ಣದ ತೊಟ್ಟಿಲು ನಮ್ಮ ಕಡೆ ಹೊಸದಲ್ಲ. ನಮ್ಮದು ಅತ್ತೆಯ ತವರಿನಿಂದ ಬಂದದ್ದು. ಸುತ್ತ ಬಳ್ಳಿ, ಗಿಳಿ, ಕೊಳಲೂದುವ ಕೃಷ್ಣ. ನನ್ನ ಗಂಡ ಅದರಲ್ಲಿ ಮಲಗಿದ್ದ, ನನ್ನ ಮಕ್ಕಳು ಮಲಗಿದವು, ಓಣಿಯ ಅರ್ಧ ಕೂಸುಗಳು ಮಲಗಿದವು. ಯಾರ ಮನೆಯಲ್ಲಿ ಹೆರಿಗೆಯೋ ಅವರ ಮನೆಗೆ ಹೋಗುತ್ತಿತ್ತು. ಕಳಿಸುವಾಗ ಒಳಗೆ ಒರಳಿನ ಗುಂಡುಕಲ್ಲು ಮಲಗಿಸಿಯೇ ಕಳಿಸಬೇಕು. ಬರಿದು ತೊಟ್ಟಿಲು ತೂಗಿದರೆ ಕೂಸಿಗೆ ಹೊಟ್ಟೆನೋವು. ಹೆಸರಿಡುವ ದಿನವೂ ಮೊದಲು ಕಲ್ಲು, ಆಮೇಲೆ ಕೂಸು.

ಹುಬ್ಬಳ್ಳಿಯಲ್ಲಿ ಪ್ರದರ್ಶನವಂತೆ, ಎಂಟು ದಿನ ತೊಟ್ಟಿಲು ಬೇಕಂತೆ. ಮಗಳು ಚೊಚ್ಚಿಲ ಬಾಣಂತನಕ್ಕೆ ಬಂದಿದ್ದಳು, ಒಂಬತ್ತು ತಿಂಗಳು ತುಂಬಿತ್ತು. ನಾನು ಕೊಡುವುದಿಲ್ಲ ಎಂದೆ. ಮಗನಿಗೆ ಜೀಪು ನೋಡಿ ತಲೆ ತಿರುಗಿತ್ತು.

"ಯವ್ವಾ, ಎಂಟ ದಿನದ ಮಾತ. ಊರಿಗೆ ಹೆಸರ ಬರ್ತೈತಿ."

"ಊರಿಗೆ ಹೆಸರ ಐತಲೇ. ಇಡೂದು ಕೂಸಿಗೆ."

ಅವನು ಕೊಟ್ಟೇಬಿಟ್ಟ. ನಾನು ಓಡಿಹೋಗಿ ಕಲ್ಲು ತಂದು ಒಳಗಿಟ್ಟೆ. ಬೆಂಗಳೂರು ಕಡೆಯ ಸಾಹೇಬ ನಕ್ಕು ಅದನ್ನು ತೆಗೆಸಿದ.

"ಬಣ್ಣ ಹಾಳಾಗುತ್ತಮ್ಮಾ. ಇದು ನಮ್ಮ ಸಂಸ್ಕೃತಿ."

"ಎರಡ ತಲಿಮಾರಿನ ಕೂಸು ಅದರಾಗ ಉಚ್ಚಿ ಹೊಯ್ದಾವ್ರಿ. ಬಣ್ಣಕ್ಕ ಏನೂ ಆಗಿಲ್ಲ."

ಎಂಟು ದಿನ ಇಪ್ಪತ್ತಾಯಿತು. ಅಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಬೇಕು. ಮಗನನ್ನು ಕಳಿಸಿದೆ. ಅಲ್ಲಿ ಚಹಾ ಕೊಟ್ಟರಂತೆ, ಕುಡಿದು ಬರಿಗೈಲಿ ಬಂದ. ಹನ್ನೊಂದನೇ ದಿನ ನಾನೇ ಬಸ್ಸು ಹತ್ತಿದೆ.

ದೊಡ್ಡ ಹಾಲಿನ ನಡುವೆ ನಮ್ಮ ತೊಟ್ಟಿಲು, ಸುತ್ತ ಹಗ್ಗ. ನನ್ನದು ಎರಡನೇ ಇಯತ್ತೆಯ ಓದು. ಒಂದೊಂದೇ ಅಕ್ಷರ ಕೂಡಿಸಿ ಬೋರ್ಡು ಓದಿದೆ. ಮುಟ್ಟಬಾರದು ಎಂದಿತ್ತು. ನಾನು ಓದಿ ಮುಗಿಸುವುದರೊಳಗೆ ಚೂಡಿದಾರದ ಹುಡುಗಿಯೊಬ್ಬಳು ಹಗ್ಗ ದಾಟಿ ನಿಂತು ಫೋಟೋಕ್ಕೆಂದು ತೂಗಿದಳು.

"ಏ ತಂಗಿ! ಬರಿದು ತೊಟ್ಲಾ ತೂಗಬ್ಯಾಡ! ಮನ್ಯಾಗ ಹಸಿಗೂಸೈತಿ."

"ಇಲ್ಲಿ ಯಾವ ಕೂಸೈತಿರಿ?" ಎಂದು ನಕ್ಕಳು.

ಸಾಹೇಬ ಬಂದ. ನಾಡಿದ್ದು ಹೆಸರಿಡುವುದು, ತೊಟ್ಟಿಲು ಕೊಡಿರಿ ಎಂದೆ. ದೊಡ್ಡವರು ನೋಡಲು ಬರುತ್ತಾರೆ, ಮುಂದಿನ ವಾರ ಕಳಿಸುತ್ತೇನೆ ಎಂದ.

"ಹೆಸರಿಡೋದು ಒಂದು ವಾರ ಮುಂದಕ್ಕೆ ಹಾಕಿ. ಈಗ ನೀವು ಬಂದಿದ್ದೂ ಒಳ್ಳೇದೇ ಆಯ್ತು. ಹೇಗೆ ತೂಗೋದು ಅಂತ ಜನಕ್ಕೆ ಒಂಚೂರು ತೋರಿಸಿ."

ಪಕ್ಕದ ಮೇಜಿನ ಮೇಲೆ ಒಂದು ಒರಳು ಇಟ್ಟಿದ್ದರು, 'ಹಿಂದಿನ ಕಾಲದ ಅಡುಗೆ ಸಾಮಾನು' ಎಂದು. ಅಂದು ಬೆಳಿಗ್ಗೆ ಅಂಥದ್ದರಲ್ಲೇ ಚಟ್ನಿ ಅರೆದು ಬಂದಿದ್ದೆ. ಅದರ ಗುಂಡುಕಲ್ಲನ್ನು ಎತ್ತಿ ಎದೆಗವಚಿಕೊಂಡು ಹೋಗಿ ತೊಟ್ಟಿಲಲ್ಲಿ ಮಲಗಿಸಿದೆ. ಚೀಲದಲ್ಲಿದ್ದ ಪಂಜಿ ಬಟ್ಟೆ ಹೊದಿಸಿದೆ.

"ಅಮ್ಮಾ, ಅದು ಪ್ರದರ್ಶನದ ವಸ್ತು!"

"ಮೆಲ್ಲಕ ಮಾತಾಡ್ರಿ. ಈಗರ ನಿದ್ದಿ ಹತ್ತೈತಿ."

ಜನ ನಕ್ಕರು, ನನ್ನ ಫೋಟೋ ತೆಗೆದರು. ತೊಟ್ಟಿಲು ಮಾತ್ರ ಕೊಡಲಿಲ್ಲ. ನಾನು ಬಸ್ಸಿನ ಹೊತ್ತಿನವರೆಗೂ ಕಾಲು ಚಾಚಿ ಅಲ್ಲೇ ಕೂತು, ಕಲ್ಲು ತೆಗೆಯಲು ಬಂದವರನ್ನೆಲ್ಲ ಬೈದು ಓಡಿಸಿದೆ. ಅಷ್ಟೇ ಆಗಿದ್ದು.

ಹದಿಮೂರನೇ ದಿನ ತೊಲೆಗೆ ನನ್ನ ಹಳೇ ಇಳಕಲ್ ಸೀರೆಯ ಜೋಳಿಗೆ ಕಟ್ಟಿ, ಮೊದಲು ನಮ್ಮ ಕಲ್ಲು ಮಲಗಿಸಿ, ಆಮೇಲೆ ಕೂಸನ್ನು ಹಾಕಿ ಹೆಸರಿಟ್ಟೆವು. ತೊಟ್ಟಿಲಿಗೆ ಹಾಕಿದೆವು ಎಂದು ಎಲ್ಲರೂ ಬಾಯಿಮಾತಿಗೆ ಅಂದರು. ಮಗ ದನಕ್ಕೆ ನೀರು ಕುಡಿಸುವ ನೆಪ ಹೇಳಿ ಹೊರಗೇ ಇದ್ದ.

ತೊಟ್ಟಿಲು ಬಂದಾಗ ಕೂಸಿಗೆ ಮೂರು ತಿಂಗಳು. ಕೃಷ್ಣನ ಮುಖದ ಮೇಲೆ ನಂಬರಿನ ಚೀಟಿ ಅಂಟಿಸಿದ್ದರು. ಕಿತ್ತರೆ ಮೂಗು ಕಿತ್ತು ಬಂತು. ಕೂಸು ಜೋಳಿಗೆಗೆ ರೂಢಿಯಾಗಿತ್ತು. ತೊಟ್ಟಿಲಿಗೆ ಹಾಕಿದರೆ ಮೈ ಸೆಟೆಸಿ ಚೀರುತ್ತಿತ್ತು. ಒಂದು ದಿನವೂ ಅದರಲ್ಲಿ ಮಲಗಲಿಲ್ಲ.

ಮುಂದೆ ಒಮ್ಮೆ ವ್ಯಾನಿನಲ್ಲಿ ಪ್ರವಾಸಿಗಳು ಬಂದರು. ಕೂಸು ಪಡಸಾಲೆಯಲ್ಲೇ ಜೋಳಿಗೆಯೊಳಗೆ ಮಲಗಿತ್ತು. ಅದಕ್ಕೆ ತಲೆ ತಾಗದಂತೆ ಬಗ್ಗಿ ದಾಟಿ ಎಲ್ಲರೂ ತೊಟ್ಟಿಲಿನ ಹತ್ತಿರ ಹೋದರು. ಒಬ್ಬ ಇಣುಕಿ ನೋಡಿ, "ಒಳಗ ಕಲ್ಲ್ಯಾಕ ಇಟ್ಟೀರಿ?" ಎಂದ.

ಹೇಳಿ ಹೇಳಿ ನನಗೂ ಸಾಕಾಗಿತ್ತು. ಒಲೆಯ ಮೇಲೆ ರೊಟ್ಟಿ ಇತ್ತು, ಒಳಗೆ ಹೋದೆ.